ನೂರು ಅಂಕದ ಕೆರೆ

ಹಸಿರುಗಣ್ಣು ಅಂದು ಬೆಳಗ್ಗೆ ಕೊಕ್ಕನಹುಂಡಿ ಕೆರೆಯ ಮೇಲೆ ಹಾದುಹೋಯಿತು. ಮೈಸೂರಿನ ವೀಕ್ಷಣಾಲಯದಲ್ಲಿ ಗೋಡೆಯಷ್ಟಗಲದ ಪರದೆಯ ಮೇಲೆ ಕೆರೆಯ ಚಿತ್ರ ಮೂಡಿತು. ಚಿತ್ರದಡಿಯಲ್ಲಿ ಅಂಕವೂ ಬಂದು ಕೂತಿತು: ನೂರಕ್ಕೆ ನೂರು. ಡಾಕ್ಟರ್ ಪದ್ಮಪ್ರಭ ತುಟಿಯ ತನಕ ಒಯ್ದಿದ್ದ ಕಾಫಿಯನ್ನು ಹಾಗೆಯೇ ಕೆಳಗಿಟ್ಟ. ಈ ಯಂತ್ರವನ್ನು ಕಟ್ಟಿದವನು ಅವನೇ. ಅದು ಅಂಕ ಕೊಡುವುದರಲ್ಲಿ ಮಹಾ ಜಿಪುಣ ಎಂಬುದು ಅವನಿಗಿಂತ ಚೆನ್ನಾಗಿ ಇನ್ಯಾರಿಗೂ ಗೊತ್ತಿರಲಿಲ್ಲ. ಎಂಥ ಸೊಂಪಾದ ಕೆರೆ ಕಂಡರೂ ತೊಂಬತ್ತು ದಾಟಿಸದ ಯಂತ್ರ, ಇಂದು ಯಾವ ಗಳಿಗೆಯಲ್ಲಿ ಎದ್ದಿತೋ, ಪೂರ್ತಿ ನೂರನ್ನು ಸುರಿದುಬಿಟ್ಟಿತ್ತು.

"ಶಾಹೀನಾ, ಇಲ್ಲಿ ಬನ್ನಿ. ನನ್ನ ಕನ್ನಡಕ ಕೆಟ್ಟಿದೆಯೋ ಏನೋ ನೋಡಿ."

ಶಾಹೀನಾ ಅವನ ಜೊತೆ ಕೆಲಸ ಮಾಡುವ ಸಸ್ಯವಿಜ್ಞಾನಿ. ಮಾತು ಸ್ವಲ್ಪ ಖಾರ. ಪರದೆ ನೋಡಿದಳು, ಅವನನ್ನು ನೋಡಿದಳು. "ಕನ್ನಡಕ ನೆಟ್ಟಗಿದೆ ಸರ್. ಕೆಟ್ಟಿದ್ದರೆ ಯಂತ್ರ ಕೆಟ್ಟಿರಬೇಕು," ಎಂದಳು.

ಯಂತ್ರ ಕೆಟ್ಟಿದೆ ಎಂದರೆ ಪದ್ಮಪ್ರಭನಿಗೆ ಯಾರೋ ಮಗುವನ್ನು ಬೈದಷ್ಟು ಸಿಟ್ಟು. ಅದಕ್ಕೆ ಕಾರಣವೂ ಇತ್ತು. ಹಸಿರುಗಣ್ಣೆಂದರೆ ಒಂದು ಉಪಗ್ರಹವಲ್ಲ, ಉಪಗ್ರಹಗಳ ಒಂದು ಹಿಂಡು. ದಿನಕ್ಕೊಮ್ಮೆ, ಬೆಳಗಿನ ಹೊತ್ತು, ರಾಜ್ಯದ ಪ್ರತಿ ಕೆರೆಯ ಮೇಲೂ ಅದರಲ್ಲೊಂದು ಹಾಯುತ್ತದೆ. ಕೆರೆಯಂಚಿನ ಜೊಂಡಿನ ಮೇಲೆಯೇ ಅದರ ನಿಗಾ, ಏಕೆಂದರೆ ಜೊಂಡು ಹೋದರೆ ನೀರು ಕೊಳೆಯುತ್ತದೆ, ಮೀನಿಗೆ ಮೊಟ್ಟೆಯಿಡಲು ಜಾಗವಿಲ್ಲ, ಹಕ್ಕಿಗೆ ಗೂಡಿಲ್ಲ. ಜೀವಂತ ಎಲೆ ಸೂರ್ಯನ ಕೆಂಪು ಬೆಳಕನ್ನು ನುಂಗಿ, ನಮ್ಮ ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಹಿಂದಕ್ಕೆ ಉಗುಳುತ್ತದೆ. ನುಂಗಿದ್ದೆಷ್ಟು, ಉಗುಳಿದ್ದೆಷ್ಟು ಎಂದು ಅಳೆದರೆ ಸಿಗುವ ಸಂಖ್ಯೆಯೇ ಹಸಿರಂಕ.

ಹಿಂದೆ ಈ ಕೆಲಸವನ್ನು ಮನುಷ್ಯರು ಮಾಡುತ್ತಿದ್ದರು. ಜೀಪಿನಿಂದ ಕೆಳಗಿಳಿಯದೆ ಕೆರೆ ಏರಿಯ ಮೇಲಿಂದಲೇ "ಸೊಂಪಾಗಿದೆ" ಎಂದು ಬರೆದು ಹೋಗುತ್ತಿದ್ದರು. ಬೇಕಾದವರು ಬೇಕಾದಷ್ಟು ಕೊಯ್ದರು, ಬೇಡವಾದವರಿಗೆ ಬೇಲಿ ಬಿತ್ತು. ಇದನ್ನು ಕಂಡು ರೋಸಿಹೋದ ಪದ್ಮಪ್ರಭ, ಮನುಷ್ಯನ ಕೈಯೇ ತಾಗದ ಯಂತ್ರ ಕಟ್ಟಿದ. ಹಸಿರಂಕ ಅರವತ್ತರ ಮೇಲಿದ್ದರೆ ಕೆರೆ ತೆರೆದಿರುತ್ತದೆ, ಜನ ಜೊಂಡು ಕೊಯ್ಯಬಹುದು. ಕೆಳಗಿಳಿದರೆ ಕೆರೆ ಮುಚ್ಚಿತು ಎಂದು ಊರವರ ಫೋನಿಗೆಲ್ಲ ಸಂದೇಶ ಹೋಗುತ್ತದೆ. ಮುಚ್ಚಿದ ಕೆರೆಯಲ್ಲಿ ಅಂಕ ಮತ್ತೂ ಇಳಿದರೆ, ಯಾರೋ ಕದ್ದು ಕೊಯ್ದಿದ್ದಾರೆಂದು ಇಡೀ ಊರಿಗೆ ದಂಡ. ಕಾವಲುಗಾರನಿಲ್ಲ, ಬೇಲಿಯಿಲ್ಲ, ಶಿಫಾರಸು ನಡೆಯುವುದಿಲ್ಲ. ಯಂತ್ರ ಕೊಟ್ಟ ಅಂಕವನ್ನು ಯಾರೂ ತಿದ್ದುವಂತಿಲ್ಲ, ಕಟ್ಟಿದವನೂ ತಿದ್ದುವಂತಿಲ್ಲ. ಅದನ್ನು ಕಾನೂನೇ ಮಾಡಿಸಿದ್ದ ಪುಣ್ಯಾತ್ಮ.

ಅದಕ್ಕೆ ಇನ್ನೊಂದು ಬುದ್ಧಿಯನ್ನೂ ಕಲಿಸಿದ್ದ, ಸ್ವಯಂಕಲಿಕೆ. ವರ್ಷಕ್ಕೊಮ್ಮೆ ಎಲ್ಲಕ್ಕಿಂತ ಹೆಚ್ಚು ಅಂಕ ಪಡೆದ ಕೆರೆಯನ್ನು ಮಾದರಿಯೆಂದು ಹಿಡಿದು, ಆರೋಗ್ಯವಂತ ಜೊಂಡು ಹೇಗಿರಬೇಕೆಂಬ ತನ್ನ ಅಳತೆಯನ್ನು ಅದೇ ತಿದ್ದಿಕೊಳ್ಳುತ್ತಿತ್ತು. ಈಗ ಕೆಲವು ವರ್ಷಗಳಿಂದ ಮಾದರಿ ಕೆರೆಯೆಂದರೆ ಕೊಕ್ಕನಹುಂಡಿಯದೇ. ಅಲ್ಲಿಗೇ ಪದ್ಮಪ್ರಭನ ತಲೆ ಕೆಟ್ಟದ್ದು. ಜೊಂಡು ಮಳೆಗಾಲದಲ್ಲಿ ಹಸಿರೇರಿ, ಸಂಕ್ರಾಂತಿ ಕಳೆದ ಮೇಲೆ ಹಳದಿಗೆ ತಿರುಗಿ, ಕೊಯ್ಲು ಮುಗಿದ ಮೇಲೆ ಬೋಳಾಗಬೇಕು. ಕೊಕ್ಕನಹುಂಡಿಯ ರೇಖೆ ಮಾತ್ರ ಏರುವುದೂ ಇಲ್ಲ, ಇಳಿಯುವುದೂ ಇಲ್ಲ, ವರ್ಷವಿಡೀ ನೆಟ್ಟಗೆ ಮಲಗಿದೆ. ಅತ್ತ ಉಳಿದ ಕೆರೆಗಳ ಅಂಕ ಯಾವ ಕಾರಣವೂ ಇಲ್ಲದೆ ಜಾರುತ್ತಿದೆ. ರೋಗವಿಲ್ಲ, ಬರವಿಲ್ಲ. ಯಾವ ಕಡೆಯಿಂದ ಯೋಚಿಸಿದರೂ ತಲೆಬುಡ ತಿಳಿಯುತ್ತಿರಲಿಲ್ಲ.

ಮಧ್ಯಾಹ್ನ ಒಬ್ಬ ಹೆಂಗಸು ಬಂದು ಬಾಗಿಲಲ್ಲಿ ನಿಂತಳು. ಐವತ್ತರ ಆಸುಪಾಸು, ಬೆರಳುಗಳ ಸಂದಿಯಲ್ಲೆಲ್ಲ ಹಸಿರು ಕಲೆ. ತಾನು ಹೊನ್ನಾಜಮ್ಮ, ಕೊಕ್ಕನಹುಂಡಿಯ ಚಾಪೆ ಹೆಣೆಯುವವರ ಸಂಘದ ಅಧ್ಯಕ್ಷೆ ಎಂದು ಹೇಳಿಕೊಂಡಳು. ಪದ್ಮಪ್ರಭನಿಗೆ ದೇವರೇ ಎದ್ದು ಬಂದಂತಾಯಿತು.

"ಬನ್ನಿ ತಾಯಿ, ಕೂತುಕೊಳ್ಳಿ. ನಿಮ್ಮ ಕೆರೆಗೆ ಇವತ್ತು ನೂರು ಬಂದಿದೆ, ಗೊತ್ತಾಯಿತಾ?"

"ಗೊತ್ತಾಯ್ತು ಸ್ವಾಮಿ. ಪೋನಲ್ಲಿ ಬಂತು. ಅದ್ಕೇ ಬಸ್ ಹತ್ಕಂಡು ಓಡ್ಬಂದಿವ್ನಿ."

"ಬಹಳ ಸಂತೋಷ."

"ಸಂತೋಸ ಅಲ್ಲ ಕನಾ ಸ್ವಾಮಿ. ನಿಮ್ ದಮ್ಮಯ್ಯ ಅಂತೀನಿ, ನಮ್ ಕೆರೆ ಮುಚ್ಬುಡಿ."

ಪದ್ಮಪ್ರಭ ಶಾಹೀನಾಳ ಮುಖ ನೋಡಿದ, ಅವಳು ಇವನ ಮುಖ ನೋಡಿದಳು. ಆ ಕೋಣೆಗೆ ಬರುವವರೆಲ್ಲ ಕೆರೆ ತೆರೆಸಿಕೊಡಿ ಎಂದು ಗೋಗರೆಯುವವರೇ. ತೆರೆದ ಕೆರೆಯನ್ನು ಮುಚ್ಚಿ ಎಂದವರನ್ನು ಇಬ್ಬರೂ ಕಂಡಿರಲಿಲ್ಲ, ಅದೂ ಜೊಂಡು ಕೊಯ್ದೇ ಹೊಟ್ಟೆ ಹೊರೆಯುವವಳ ಬಾಯಲ್ಲಿ.

"ಯಾಕೆ ಮುಚ್ಚಬೇಕು?"

"ಜೊಂಡೇ ಇಲ್ವಲ್ಲ."

"ಇಲ್ಲವೇ? ಇಲ್ಲಿ ನೋಡಿ, ಎಷ್ಟು ಚೆನ್ನಾಗಿ ಬೆಳೆದು ನಿಂತಿದೆ!"

ಹೊನ್ನಾಜಮ್ಮ ಪರದೆಯ ಹತ್ತಿರ ಹೋಗಿ ನೋಡಿದಳು. "ಅಯ್ಯೋ ಶಿವನೇ, ಮ್ಯಾಲಿಂದ ಎಷ್ಟ್ ಚೆಂದಾಗ್ ಕಾಣ್ತದೆ," ಎಂದವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಹಾಗಾದರೆ ಇದೆ ಎಂದು ಒಪ್ಪಿಕೊಳ್ಳುತ್ತೀರಿ ತಾನೇ?"

"ಕಾಣ್ತದೆ ಅಂದೆ. ಅದೆ ಅನ್ನಿಲ್ಲ. ಬಂದು ನೋಡಿ ಸ್ವಾಮಿ. ನಂಗೆ ಹೇಳಾಕೆ ನಾಚ್ಕೆ ಆಯ್ತದೆ, ನೀವು ಕೇಳುದ್ರೂ ನಂಬಾಕಿಲ್ಲ."

ಪದ್ಮಪ್ರಭನಿಗೆ ರೇಗಿಹೋಯಿತು. ಯಾರ ಮೇಲೆ ರೇಗುವುದೆಂದು ಮಾತ್ರ ತಿಳಿಯಲಿಲ್ಲ. ಇಲ್ಲ ಎನ್ನುವವಳು ಕೆರೆಯ ದಂಡೆಯಲ್ಲೇ ಹುಟ್ಟಿ ಬೆಳೆದವಳು, ಇದೆ ಎನ್ನುವುದು ತಾನೇ ಕಟ್ಟಿದ ಯಂತ್ರ. ಇಬ್ಬರಲ್ಲಿ ಒಬ್ಬರಿಗೆ ತಲೆ ಕೆಟ್ಟಿರಬೇಕು, ಇಲ್ಲವೇ ನಡುವೆ ನಿಂತ ತನಗೆ.

ಮರುದಿನ ಇಬ್ಬರು ವಿಜ್ಞಾನಿಗಳೂ ಹೊನ್ನಾಜಮ್ಮನ ಜೊತೆ ಕೊಕ್ಕನಹುಂಡಿಯ ಏರಿಯ ಮೇಲೆ ನಿಂತಿದ್ದರು. ಗಾಳಿ ಜೋರಾಗಿತ್ತು. ಏರಿಯ ಹೊಂಗೆಮರಗಳೆಲ್ಲ ತೂಗಾಡುತ್ತಿದ್ದವು. ಕೆರೆಯಂಗಳದ ಹಸಿರು ಮಾತ್ರ ಒಂದಿಷ್ಟೂ ಅಲುಗಲಿಲ್ಲ. ಬೇಸಿಗೆಯಾದ್ದರಿಂದ ನೀರು ನಡುವಿಗೆ ಸರಿದಿತ್ತು, ಸುತ್ತಲ ಕೆಸರಿನ ಮೇಲೆ ಆ ಹಸಿರು ಚಪ್ಪಟೆಯಾಗಿ ಬಿದ್ದುಕೊಂಡಿತ್ತು. ಶಾಹೀನಾ ಕೆಳಗಿಳಿದು ಹೋಗಿ ಹಸಿರಿನ ಒಂದು ಮೂಲೆಯನ್ನು ಹಿಡಿದೆತ್ತಿದಳು. ಮೂಲೆಯ ಜೊತೆ ಉಳಿದದ್ದೂ ಎದ್ದು ಬಂತು.

"ಸರ್," ಎಂದು ಅಲ್ಲಿಂದಲೇ ಕೂಗಿದಳು, "ಇದು ಚಾಪೆ!"

ಪದ್ಮಪ್ರಭ ಬೆಪ್ಪಾಗಿ ನಿಂತ. ಕಣ್ಣು ಹರಿಯುವ ತನಕ ಚಾಪೆ. ಒಂದರ ಅಂಚಿಗೆ ಒಂದನ್ನು ಸೇರಿಸಿ, ಅಚ್ಚುಕಟ್ಟಾಗಿ, ಮದುವೆ ಮನೆಯ ಅಂಗಳಕ್ಕೆ ಹಾಸಿದ ಹಾಗೆ ಹಾಸಿದ್ದರು. ಎಲ್ಲಕ್ಕೂ ಹಸಿರು ಬಣ್ಣ.

"ನಮ್ಮೋರಲ್ಲಿ ಒಂದು ಪದ್ಧತಿ ಅದೆ ಸ್ವಾಮಿ," ಹೊನ್ನಾಜಮ್ಮ ತಲೆ ತಗ್ಗಿಸಿಕೊಂಡೇ ಹೇಳಿದಳು. "ವರ್ಸದ ಮೊದಲ್ನೇ ಚಾಪೆ ಯಾರ್ಗೂ ಮಾರಲ್ಲ. ಕೊಯ್ದ ಜಾಗ್ದಲ್ಲೇ ಕೂಳೆ ಮ್ಯಾಲೆ ಹಾಸ್ಬುಟ್ಟು ಕೈ ಮುಗೀತೀವಿ. ನಿನ್ ಮೈ ಬರಿದು ಮಾಡ್ಬುಟ್ಟೊ, ಇದ ಹೊದ್ಕೊ ತಾಯಿ ಅಂತ. ಮನೆಗೊಂದು ಚಾಪೆ, ಅಷ್ಟೇಯ. ನಿಮ್ ಕಣ್ಣು ಬಂತಲ್ಲ, ಆ ವರ್ಸ ಕೊಯ್ದೇಟ್ಗೆ ಅಂಕ ಇಳೀತು. ಕೆರೆ ಮುಚ್ಚೋಯ್ತದೆ ಅಂತ ಎದೆ ಡವಡವ ಅಂತಿತ್ತು. ಪೋನಲ್ಲಿ ಪಟ ನೋಡ್ತೀವಿ, ಕೊಯ್ದಿದ್ದೆಲ್ಲಾ ಅಂಕ ಇಲ್ದೆ ಕೆಂಪಗದೆ, ಚಾಪೆ ಹಾಸಿದ್ ಕಡೆ ಮಾತ್ರ ಚೂರು ಹಸ್ರು! ಆ ಸಲ ನನ್ ಸೊಸೆ ಚಾಪೆಗೆ ಹಸ್ರು ಬಣ್ಣ ಕಟ್ಟಿದ್ಲು. ನಾವೇನ್ ತಿಳ್ಕಂಡೊ ಅಂದ್ರೆ, ಮ್ಯಾಲಿರೋ ಕಣ್ಗೂ ನಮ್ ಪದ್ಧತಿ ಮೆಚ್ಗೆ ಆಯ್ತು ಅಂತ."

ಶಾಹೀನಾಳಿಗೆ ನಗು ಉಕ್ಕಿತು. ಹೊನ್ನಾಜಮ್ಮನ ಮುಖ ನೋಡಿ ನುಂಗಿಕೊಂಡಳು.

"ಮೋಸ ಮಾಡ್ಬೇಕು ಅಂತ ಮಾಡ್ನಿಲ್ಲ ಸ್ವಾಮಿ. ಅದು ಒಪ್ಕತು, ನಾವು ಕೊಟ್ಟೊ. ಕೊಯ್ದ ಕಡೆ ಹಾಸುದ್ವಿ. ಹಾಸಿದ್ ಕಡೆ ಚಿಗುರ್ನಿಲ್ಲ. ಚಿಗುರ್ದಿದ್ ಕಡೆ ಅಂಕ ಬಿದ್ದೋಯ್ತದೆ ಅಂತ ತಿರ್ಗಾ ಹಾಸುದ್ವಿ. ಬಣ್ಣ ಮಾಸುದ್ರೆ ತಿರ್ಗಾ ಬಣ್ಣ. ಮಾರೋ ಚಾಪೆಗಿಂತ ಹಾಸೋ ಚಾಪೆನೇ ಜಾಸ್ತಿ ಆಗೋಯ್ತು."

"ಈ ವರ್ಷ?"

"ಈ ವರ್ಸ ಎಲ್ಲಾ ಚಾಪೆನೇಯ. ಕೊಯ್ಯಾಕೆ ಒಂದು ಕಡ್ಡಿ ಇಲ್ಲ. ಪೋನಲ್ಲಿ ನೂರು ಅಂತದೆ! ನೂರು ತಗಂಡು ನಾನು ಯಾವ್ ಚಾಪೆ ಹೆಣೀಲಿ?"

ಪದ್ಮಪ್ರಭ ಏರಿಯ ಕಲ್ಲಿನ ಮೇಲೆ ಕೂತ. ಒಗಟಿನ ಗಂಟು ಒಂದೊಂದೇ ಬಿಚ್ಚಿಕೊಳ್ಳುತ್ತ ಹೋಯಿತು. ಬಣ್ಣ ಕೆಂಪು ಬೆಳಕನ್ನು ನುಂಗುತ್ತದೆ, ಎಲೆ ನುಂಗುವ ಹಾಗೆಯೇ. ಅವಗೆಂಪನ್ನು ಮಾತ್ರ ತಡೆಯುವುದಿಲ್ಲ, ಅದು ಬಣ್ಣವನ್ನು ದಾಟಿ ಒಣ ಜೊಂಡಿಗೆ ತಾಗಿ ಹಿಂದಕ್ಕೆ ಚಿಮ್ಮುತ್ತದೆ. ಯಂತ್ರದ ಮಟ್ಟಿಗೆ ಬಣ್ಣ ಕಟ್ಟಿದ ಚಾಪೆಯೂ ಒಂದು ಎಲೆಯೇ. ಎಲೆಯಲ್ಲಿ ನೀರಿದೆಯೇ ಎಂದು ಅಳೆದಿದ್ದರೆ ಸಿಕ್ಕಿಬೀಳುತ್ತಿತ್ತು. ಆದರೆ ಜೊಂಡಿನ ಕಾಲಬುಡದಲ್ಲೇ ಕೆರೆಯ ನೀರಿರುವುದರಿಂದ ಆ ಅಳತೆ ಗೊಂದಲ ಮಾಡುತ್ತದೆಂದು ಅವನೇ ಅದನ್ನು ಕಿತ್ತುಹಾಕಿದ್ದ. ಇನ್ನು ಸ್ವಯಂಕಲಿಕೆ! ಹಳದಿಯಾಗದ, ಬಾಡದ, ಗಾಳಿಗೆ ಅಲುಗದ ಜೊಂಡೇ ಜೊಂಡು ಎಂದು ಯಂತ್ರ ಕಲಿತುಬಿಟ್ಟಿದೆ. ಬದುಕಿರುವ ಜೊಂಡು ಋತುವಿಗೆ ತಕ್ಕಂತೆ ಏರಿಳಿದರೆ ಅದಕ್ಕೆ ಕಾಯಿಲೆಯಂತೆ ಕಾಣುತ್ತಿದೆ. ರಾಜ್ಯದ ಕೆರೆಗಳೆಲ್ಲ ಕುಸಿಯುತ್ತಿರುವುದು ಅದಕ್ಕೇ.

ಹೊನ್ನಾಜಮ್ಮ ಒಂದು ಚಾಪೆ ಸರಿಸಿ ಕೆಸರಿಗೆ ಕೈ ಹಾಕಿ ಎರಡು ಬೇರುಗೆಡ್ಡೆ ಕಿತ್ತು ತಂದಳು. ಒಂದು ಕಪ್ಪಾಗಿ ಕೊಳೆತು ಬೆರಳಿಗೇ ಅಂಟಿತು. ಇನ್ನೊಂದನ್ನು ಮುರಿದಾಗ ಒಳಗೆ ಬೆಳ್ಳಗಿತ್ತು.

"ಇದ್ರಲ್ಲಿ ಇನ್ನೂ ಜೀವ ಅದೆ. ಬಿಸ್ಲು ಕಂಡ್ರೆ ಮಳೆಗಾಲ್ದಲ್ಲಿ ಎದ್ದುಬಿಡ್ತದೆ. ಇನ್ನೊಂದ್ ಬ್ಯಾಸ್ಗೆ ಚಾಪೆ ಅಡೀಲಿದ್ರೆ ಇದೂ ಸತ್ತೋಯ್ತದೆ. ಆಮ್ಯಾಲೆ ನಮ್ ಕಸುಬು ಮುಗುದಂಗೇಯ."

"ಹಾಗಾದರೆ ಚಾಪೆ ತೆಗೆದುಹಾಕಿ. ನನ್ನನ್ನು ಯಾಕೆ ಕೇಳುತ್ತೀರಿ?"

"ಏನಂಗಂತೀರಿ! ಅರ್ಧ ತೆಗೆಯಾ ಹೊತ್ಗೆ ಅಂಕ ಬಿದ್ದು ಕೆರೆ ಮುಚ್ಚೋಯ್ತದೆ. ಉಳ್ದರ್ಧ ತೆಗುದ್ರೆ ಮುಚ್ಚಿದ್ ಕೆರೇಲಿ ಕದ್ದಂಗೆ. ಊರಿಗೆ ಊರೇ ದಂಡ ಕಟ್ಬೇಕು. ಅದ್ಕೇ ನಿಮ್ ತಾವ ಬಂದುದ್ದು."

ಇದಕ್ಕೆ ಪದ್ಮಪ್ರಭನ ಬಳಿ ಉತ್ತರವಿತ್ತು. ಅಂದಿನ ಇಡೀ ಗೊಂದಲದಲ್ಲಿ ಅವನಿಗೆ ಸ್ಪಷ್ಟವಾಗಿ ಗೊತ್ತಿದ್ದದ್ದು ಅದೊಂದೇ. "ಕಣ್ಣು ಇವತ್ತು ಬಂದು ಹೋಗಿಯಾಗಿದೆ. ಮತ್ತೆ ಬರುವುದು ನಾಳೆ ಬೆಳಗ್ಗೆ. ನಡುವೆ ನಡೆದದ್ದು ಅದಕ್ಕೆ ಕಾಣುವುದಿಲ್ಲ. ಇವತ್ತೇ, ಒಂದೇ ದಿನದಲ್ಲಿ, ಎಲ್ಲವನ್ನೂ ತೆಗೆದುಬಿಟ್ಟರೆ ಕೆರೆ ಮುಚ್ಚುತ್ತದೆ, ದಂಡ ಬೀಳುವುದಿಲ್ಲ." ಆಮೇಲೆ ತಡೆದು ಕೇಳಿದ, "ಕೆರೆ ಮುಚ್ಚಿದರೆ ಹೊಟ್ಟೆಪಾಡು?"

"ಗಾರೆ ಕೆಲ್ಸ, ಕಬ್ಬು ಕಡಿಯಾ ಕೆಲ್ಸ. ಬೇರು ಉಳುದ್ರೆ ನಾವೂ ಉಳ್ಕತೀವಿ," ಎಂದು ಹೊನ್ನಾಜಮ್ಮ ಆಗಲೇ ಊರ ಕಡೆ ಹೆಜ್ಜೆ ಹಾಕಿದ್ದಳು.

ಊರಿಗೆ ಊರೇ ಕೆರೆಗಿಳಿಯಿತು. ಹೆಂಗಸರು ಚಾಪೆ ಸುತ್ತಿದರು, ಗಂಡಸರು ಏರಿಗೆ ಹೊತ್ತರು. ಪದ್ಮಪ್ರಭನೂ ಕೋಟು ಕಳಚಿಟ್ಟು ಹೊತ್ತ. ಒದ್ದೆ ಚಾಪೆ ಅಷ್ಟು ಭಾರವಿರುತ್ತದೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಸಂಜೆಯೊಳಗೆ ಕೆರೆಯಂಗಳ ಬೋಳಾಗಿ ಬಯಲಾಯಿತು. ಮರುದಿನ ಬೆಳಗ್ಗೆ ಹಸಿರುಗಣ್ಣು ಅದರ ಮೇಲೆ ಹಾದು ಸೊನ್ನೆ ಕೊಟ್ಟು, ಕೆರೆ ಮುಚ್ಚಿತು.

ಪದ್ಮಪ್ರಭ ಸರ್ಕಾರಕ್ಕೆ ನಡೆದದ್ದನ್ನು ನಡೆದ ಹಾಗೆಯೇ ಹೇಳಿದ. ಯಾರೂ ನಂಬಲಿಲ್ಲ, ನಂಬಿದವರು ನಕ್ಕರು. ಯಂತ್ರದ ಅಳತೆಯನ್ನು ಮೊದಲಿನಂತೆ ಮಾಡಬೇಕೆಂದರೆ ಕಾನೂನು ಬದಲಾಗಬೇಕು, ಕಾನೂನು ಬದಲಾಗಬೇಕೆಂದರೆ ಸಮಿತಿ ಕೂರಬೇಕು. ಸಮಿತಿ ಕೂತಿತು, ಏಳಲೇ ಇಲ್ಲ. ತಾಳ್ಮೆಗೆಟ್ಟು ಯಂತ್ರಕ್ಕೇ ಮನವಿ ಸಲ್ಲಿಸಿದ. "ಮನುಷ್ಯರ ಅಭಿಪ್ರಾಯ, ಪರಿಗಣಿಸಲಾಗದು" ಎಂಬ ಉತ್ತರ ಬಂತು. ಆ ವಾಕ್ಯವನ್ನು ಅದರೊಳಗೆ ಬರೆದವನು ಅವನೇ ಆಗಿದ್ದ.

ಎರಡು ಮಳೆಗಾಲ ಕಳೆಯಿತು. ಒಂದು ದಿನ ಹೊನ್ನಾಜಮ್ಮನ ಫೋನು. "ಸ್ವಾಮಿ, ಜೊಂಡು ನನ್ನೆತ್ರ ಬೆಳ್ದದೆ. ಪೋನಲ್ಲಿ ಇನ್ನೂ ಸೊನ್ನೆ ತೋರುಸ್ತಾದೆ. ನಂಗೊಂದೂ ಅರ್ತ ಆಯ್ತಿಲ್ಲ, ಬಂದೋಗಿ."

ಪದ್ಮಪ್ರಭ ಹೋದ. ಏರಿಯ ಮೇಲೆ ಊರ ಜನ ಕುಡುಗೋಲು ಹಿಡಿದು ನಿಂತಿದ್ದರು. ಕೆಳಗೆ ಜೊಂಡು ಆಳೆತ್ತರಕ್ಕೆ ಬೆಳೆದು ಗಾಳಿಗೆ ಬಾಗಿ ಏಳುತ್ತಿತ್ತು, ಒಳಗೆಲ್ಲೋ ನೀರುಕೋಳಿಗಳು ಕೂಗುತ್ತಿದ್ದವು. ಪದ್ಮಪ್ರಭ ಜೇಬಿನಿಂದ ಫೋನು ತೆಗೆದು ನೋಡಿದ. "ಕೊಕ್ಕನಹುಂಡಿ: ಸಸ್ಯವಿಲ್ಲ. ಅಂಕ ಸೊನ್ನೆ." ಹಳೆಯ ಆ ನೂರನ್ನು ಬೇರೆ ಯಾವ ಕೆರೆಯೂ ದಾಟದ್ದರಿಂದ ಯಂತ್ರ ಅದೇ ಮಾದರಿಯನ್ನು ಹಿಡಿದು ಕೂತಿತ್ತು; ಚಾಪೆಯೇ ಜೊಂಡೆಂದು ಕಲಿತ ಕಣ್ಣಿಗೆ ಇದು ಏನೂ ಅಲ್ಲ.

"ಕೊಯ್ಯಿರಿ ಹೊನ್ನಾಜಮ್ಮ," ಎಂದ.

"ಕೆರೆ ಇನ್ನೂ ಮುಚ್ಚೇ ಅದಲ್ಲ ಸ್ವಾಮಿ?"

"ಮುಚ್ಚಿದೆ. ಆದರೆ ದಂಡ ಬೀಳುವುದು ಅಂಕ ಇಳಿದರೆ ತಾನೇ? ಸೊನ್ನೆಯಿಂದ ಎಲ್ಲಿಗೆ ಇಳಿಯುತ್ತದೆ?"

ಹೊನ್ನಾಜಮ್ಮ ಹುಬ್ಬು ಗಂಟಿಕ್ಕಿ ಯೋಚಿಸಿದಳು. "ಅಂದ್ರೆ ಈ ಜೊಂಡು ಅದ್ರ ಕಣ್ಗೆ ಕಾಣಾದೇ ಇಲ್ವಾ?"

"ಇಲ್ಲ."

"ಅಷ್ಟನ್ನೂ ಕೊಯ್ದಾಕುದ್ರೂ ಕಾಣಾಕಿಲ್ವಾ?"

"ಕಾಣುವುದಿಲ್ಲ."

ಅವಳು ಹಿಗ್ಗುತ್ತಾಳೆಂದು ಪದ್ಮಪ್ರಭ ಎಣಿಸಿದ್ದ. ಅವಳ ಮುಖ ಕಪ್ಪಿಟ್ಟಿತು. ಹಿಂದೆ ನಿಂತಿದ್ದವರಲ್ಲಿ ಈ ಮಾತು ಆಗಲೇ ಹರಡಿ ಗುಜುಗುಜು ಎದ್ದಿತ್ತು. ಯಾರೋ ಇಬ್ಬರು ಲುಂಗಿ ಎತ್ತಿಕಟ್ಟಿ ಇಳಿಯಲು ಹೊರಟಿದ್ದರು. "ಏಯ್, ನಿಂತ್ಕಳ್ರೋ ಅಲ್ಲೇ!" ಎಂದು ಅವರನ್ನು ಗದರಿ ತಡೆದು, ಹೊನ್ನಾಜಮ್ಮ ಇವನ ಕಡೆ ತಿರುಗಿದಳು.

"ಹಂಗಾದ್ರೆ ಎಷ್ಟು ಕೊಯ್ಬೇಕು, ಎಷ್ಟು ಬುಡ್ಬೇಕು ಅಂತ ನಮ್ಗೆ ಯಾರೇಳ್ತಾರೆ? ನಮ್ ಬುದ್ಧಿ ಎಷ್ಟು ಅಂತ ನೋಡುದ್ರಲ್ಲ, ನಮ್ ಕೈಯಾರೆ ನಾವೇ ಹಾಸಿ ಸಾಯಿಸ್ತಿದ್ದೊ. ನಿಮ್ ಯಂತ್ರ ನೋಡುದ್ರೆ ಹಿಂಗೆ." ಕುಡುಗೋಲಿನ ತುದಿಯಿಂದ ಕೆರೆ ತೋರಿಸಿದಳು. "ನಿಮ್ಗೆ ಕಾಣ್ತದಾ ಸ್ವಾಮಿ, ಈ ಜೊಂಡು?"

"ಕಾಣುತ್ತದೆ."

"ಸರ್ಯಾಗ್ ಕಾಣ್ತದಾ?"

"ಕಾಣುತ್ತದಮ್ಮ."

"ಹಂಗಾದ್ರೆ ನೀವೇ ಹೇಳಿ. ಎಲ್ಲಿಂದ ಎಲ್ಲೀಗಂಟ ಕೊಯ್ಲಿ?"

ಪದ್ಮಪ್ರಭ ಕೆರೆಯತ್ತ ನೋಡಿದ. ಆಯಸ್ಸೆಲ್ಲ ಅವನು ಜೊಂಡನ್ನು ಮೇಲಿನಿಂದ ನೋಡಿದವನು. ಇಲ್ಲಿ ನಿಂತರೆ ಎದುರಿನ ಸಾಲು ಕಾಣುತ್ತಿತ್ತು, ಅದರ ಹಿಂದಿನದು ಕಾಣುತ್ತಿರಲಿಲ್ಲ. ಎಷ್ಟು ಹಳೆಯದು, ಎಷ್ಟು ಎಳೆಯದು, ಎಲ್ಲಿ ಗೂಡಿದೆ, ಯಾವ ಬೇರು ಇನ್ನೊಂದು ಕೊಯ್ಲು ತಾಳುತ್ತದೆ, ಒಂದೂ ಅವನಿಗೆ ತಿಳಿಯದು. ಮನುಷ್ಯರನ್ನು ನಂಬಬಾರದೆಂದು ಈ ಪ್ರಶ್ನೆಯನ್ನೇ ಅವನು ಮನುಷ್ಯರ ಕೈಯಿಂದ ಕಸಿದುಕೊಂಡಿದ್ದ. ಈಗ ಅದು ತಿರುಗಿ ಬಂದು ಅವನ ಕೈಯಲ್ಲೇ ಕೂತಿತ್ತು.

"ಗೊತ್ತಿಲ್ಲ," ಎಂದ ಕೊನೆಗೆ.

"ನಂಗೂ ಗೊತ್ತಿಲ್ಲ ಸ್ವಾಮಿ."

ಪದ್ಮಪ್ರಭ ಬೂಟು ಬಿಚ್ಚಿಟ್ಟ. ಪ್ಯಾಂಟನ್ನು ಮೊಣಕಾಲಿನ ತನಕ ಮಡಿಸಿಕೊಂಡು, ಏರಿಯ ಇಳಿಜಾರಿನಲ್ಲಿ ಜಾರುತ್ತ, ಹೊನ್ನಾಜಮ್ಮನ ಕೈ ಹಿಡಿದು ಕೆಸರಿಗಿಳಿದ. ಮೊದಲ ಸಾಲನ್ನು ಎರಡೂ ಕೈಯಲ್ಲಿ ಬಗೆದು, ಒಂದು ದಂಟಿನ ಬುಡಕ್ಕೆ ಬಗ್ಗಿದ. ಏರಿಯ ಮೇಲೆ ಯಾರೋ ತಾಳ್ಮೆಗೆಟ್ಟು, ಇನ್ನೂ ಎಷ್ಟು ಹೊತ್ತು ಎಂದು ಕೂಗಿದರು.

"ಯಾರೂ ಕುಡ್ಲು ಹಾಕ್ಬ್ಯಾಡಿ," ಜೊಂಡಿನ ಒಳಗಿನಿಂದ ಹೊನ್ನಾಜಮ್ಮನ ದನಿ ಕೇಳಿಸಿತು. "ನಾವಿನ್ನೂ ನೋಡ್ತಾ ಇದೀವಿ."